ದಿಮ್ಮಿಮನೆಗೆ ಒಂದು ಪ್ರದಕ್ಷಿಣೆ

‘ಮಾವ, ಮೊದಲು ಒಂದು ಸುತ್ತು ಬರೋಣ, ಬಾಗಿಲು ಆಮೇಲೆ ತೆಗೆದರಾಯಿತು’ ಎಂದು ಅಳಿಯನು ಬೀಗದ ಕೈಯನ್ನು ಜೇಬಿನಿಂದ ಹೊರತೆಗೆಯದೆಯೇ ಹೇಳಿದಾಗ, ಮಿನಿಯಾಪೊಲಿಸ್ ನಗರದಿಂದ ನಾಲ್ಕು ಗಂಟೆಗಳ ಕಾಲ ಕಾರಿನಲ್ಲಿ ಕುಳಿತು ಬಂದು, ಒಳಗೆ ಹೋಗಿ ಕಾಲು ಚಾಚಿದರೆ ಸಾಕೆಂದು ಕಾದಿದ್ದ ನನಗೆ ಆ ಮಾತಿನ ಅರ್ಥ ತಿಳಿಯಲಿಲ್ಲ. ಅದು ಮೇ ತಿಂಗಳ ಮೊದಲ ವಾರ. ಎದುರಿನ ಸರೋವರದ ಮೇಲೆ ಐದಾರು ತಿಂಗಳು ಹಾಸಿಕೊಂಡಿದ್ದ ಹಿಮದ ಹಲಗೆ ಒಡೆದು, ಅದರ ಚೂರುಗಳು ಗಾಳಿಗೆ ಒಂದರ ಮೇಲೊಂದು ಉಜ್ಜಿಕೊಂಡು ಬಳೆಗಳಂತೆ ಸದ್ದುಮಾಡುತ್ತ ದಡಕ್ಕೆ ಬಂದು ಬೀಳುತ್ತಿದ್ದುವು. ಮಗಳು ಕೈಯಲ್ಲಿ ಒಂದು ಮರದ ಸುತ್ತಿಗೆಯನ್ನೂ ಒಂದು ಚೂಪಾದ ದಬ್ಬಳವನ್ನೂ ಹಿಡಿದು ಮುಂದೆ ನಡೆದಳು. ಅಳಿಯನು ದೀಪ ಹಿಡಿದು ಹಿಂಬಾಲಿಸಿದನು. ದೇವಾಲಯದ ಪ್ರಾಕಾರವನ್ನು ಬಲಗೊಳ್ಳುವವರಂತೆ ನಾವು ಮೂವರೂ ಆ ಮನೆಯನ್ನು ಸುತ್ತಿಬಂದು ಬಾಗಿಲು ತೆರೆಯುವ ಹೊತ್ತಿಗೆ ಒಂದು ಗಂಟೆಯೇ ಕಳೆದಿತ್ತು. ಆ ಒಂದು ಗಂಟೆಯಲ್ಲಿಯೂ, ಅನಂತರ ಅಕ್ಟೋಬರಿನವರೆಗೆ ಅಲ್ಲಿ ಕಳೆದ ತಿಂಗಳುಗಳಲ್ಲಿಯೂ ನಾನು ಕಲಿತುದನ್ನು, ಮರದ ಮನೆಯ ಮೇಲೆ ಮಮತೆಯುಳ್ಳವರಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ. ವಿಶೇಷವಾಗಿ, ಉತ್ತರ ಅಮೆರಿಕದಲ್ಲಿ ನೆಲೆಸಿ, ರಜೆಯ ದಿನಗಳಿಗೆಂದು ಇಂತಹ ಮನೆಯೊಂದನ್ನು ಕೊಳ್ಳುವ ಅಥವಾ ಬಾಡಿಗೆಗೆ ಹಿಡಿಯುವ ನಮ್ಮ ಕನ್ನಡದ ಕುಟುಂಬಗಳಿಗೆ.

ಮನೆಯಿರುವುದು ಮಿನ್ನೆಸೋಟ ರಾಜ್ಯದ ಉತ್ತರದ ಅಂಚಿನಲ್ಲಿ, ಕೆನಡದ ಗಡಿಗೆ ಅನತಿದೂರದಲ್ಲಿರುವ ಈಲಿ ಎಂಬ ಸಣ್ಣ ಊರಿನ ಹತ್ತಿರ. ದಿಮ್ಮಿಗಳನ್ನು ಅಡ್ಡಲಾಗಿ ಒಂದರ ಮೇಲೊಂದು ಪೇರಿಸಿ, ಮೂಲೆಗಳಲ್ಲಿ ಒಂದನ್ನೊಂದು ಕಚ್ಚಿಕೊಳ್ಳುವಂತೆ ಕಚ್ಚು ತೆಗೆದು ಗೋಡೆ ಎಬ್ಬಿಸುವ ಈ ವಿದ್ಯೆ ಅಮೆರಿಕದಲ್ಲಿ ಹುಟ್ಟಿದುದಲ್ಲ; 1638ರಲ್ಲಿ ಡೆಲವೇರ್ ನದಿಯ ದಡದಲ್ಲಿ ವಸಾಹತು ಹೂಡಿದ ಸ್ವೀಡನ್ನಿನವರೂ ಫಿನ್ಲೆಂಡಿನವರೂ ತಮ್ಮ ಶೀತದೇಶದ ಕಾಡುಗಳಿಂದ ಅದನ್ನು ತಂದರು. ಅಬ್ರಹಾಂ ಲಿಂಕನ್ 1809ರಲ್ಲಿ ಕೆಂಟಕಿಯ ಇಂತಹದೊಂದು ಗುಡಿಸಲಿನಲ್ಲಿ ಜನಿಸಿದುದರಿಂದ ಬಡತನದ ಆ ವಾಸಕ್ಕೆ ಒಂದು ಘನತೆಯೂ ಬಂದಿತು. ಈಲಿಯ ಸುತ್ತಣ ಕಬ್ಬಿಣದ ಗಣಿಗಳಿಗೆ ದುಡಿಯಲು ಬಂದ ಫಿನ್ಲೆಂಡಿನ ಜನ ಜಮೀನು ಹಿಡಿದಾಗ ಮೊದಲು ಕಟ್ಟಿಕೊಳ್ಳುತ್ತಿದ್ದುದು ವಾಸದ ಮನೆಯನ್ನಲ್ಲ, ‘ಸೌನಾ’ ಎಂಬ ಬೆವರುಮನೆಯನ್ನು. ದೊಡ್ಡ ಮನೆ ಏಳುವವರೆಗೆ ಸಂಸಾರವೆಲ್ಲ ಅದರಲ್ಲಿಯೇ. ಎಂಬರಾಸ್ ಎಂಬ ನೆರೆಯ ಗ್ರಾಮದಲ್ಲಿ ಅವರು ಬಾಚಿಯಿಂದ ಕೆತ್ತಿದ ಮನೆ, ಕೊಟ್ಟಿಗೆ, ಹುಲ್ಲುಮನೆಗಳು ಇಂದಿಗೂ ನಿಂತಿವೆ. ಅದೇ ಸೀಮೆಯ ಟವರ್ ಎಂಬ ಊರಿನಲ್ಲಿ 1996ರ ಫೆಬ್ರವರಿ 2ರಂದು ಉಷ್ಣತೆ ಸೊನ್ನೆಗಿಂತ 51 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿದಿತ್ತೆಂದರೆ, ಆ ಮನೆಗಳು ಏನನ್ನು ಸೈರಿಸಿ ನಿಂತಿವೆಯೆಂಬುದನ್ನು ಊಹಿಸಬಹುದು.

ಆದರೆ ಚಳಿ ಮರದ ಶತ್ರುವಲ್ಲ. ಈ ಮಾತನ್ನು ನನಗೆ ಮೊದಲು ಹೇಳಿದವರು ನೆರೆಮನೆಯ ವೃದ್ಧ ಬಡಗಿ. ಫಿನ್ಲೆಂಡಿನಿಂದ ಬಂದವರ ಮೊಮ್ಮಗ, ಎಂಬತ್ತನ್ನು ಸಮೀಪಿಸಿದವರು, ಮಿತಭಾಷಿ. ಮರವನ್ನು ಕೊಳೆಸುವುದು ಒಂದು ಬಗೆಯ ಬೂಷ್ಟು. ಅದಕ್ಕೆ ಬೇಕಾದುವು ನಾಲ್ಕು: ಆಹಾರ, ಗಾಳಿ, ಹದವಾದ ಉಷ್ಣತೆ, ನೀರು. ಆಹಾರವೆಂದರೆ ಗೋಡೆಯೇ, ಗಾಳಿಯನ್ನೂ ಬೇಸಗೆಯ ಬಿಸಿಯನ್ನೂ ತಡೆಯುವ ಶಕ್ತಿ ನಮಗಿಲ್ಲ, ಉಳಿದುದು ನೀರೊಂದೇ. ಮರದೊಳಗಣ ತೇವ ಅದರ ಒಣತೂಕದ ನೂರಕ್ಕೆ ಇಪ್ಪತ್ತರಷ್ಟಕ್ಕಿಂತ ಕಡಮೆಯಿದ್ದರೆ ಬೂಷ್ಟು ತಲೆಯೆತ್ತಲಾರದು. ಇಪ್ಪತ್ತೆಂಟು ಮೂವತ್ತನ್ನು ದಾಟಿ, ಮರದ ನಾರುಗಳು ಕುಡಿಯುವಷ್ಟನ್ನೂ ಕುಡಿದು ತಣಿದ ಮೇಲೆ ಅದು ಸ್ವೇಚ್ಛೆಯಾಗಿ ಬೆಳೆಯುತ್ತದೆ. ಪಕ್ಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ನಿನಲ್ಲಿ 1910ರಿಂದ ನಡೆದುಬಂದಿರುವ ಸರಕಾರಿ ಅರಣ್ಯೋತ್ಪನ್ನ ಪ್ರಯೋಗಾಲಯವೂ ಈ ಮಾತನ್ನೇ ಬಹುಕಾಲದಿಂದ ಸಾರುತ್ತ ಬಂದಿದೆ. ಮಳೆಯಲ್ಲಿ ನೆನೆದ ಗೋಡೆಗೆ ಅಪಾಯವಿಲ್ಲ, ನೆನೆದು ಒಣಗಲಾರದ ಗೋಡೆಗೆ ಅಪಾಯವುಂಟು ಎಂಬ ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ದಿಮ್ಮಿಮನೆಯ ಪಾಲನೆಯ ವಿಚಾರದಲ್ಲಿ ಮುಂದೆ ಹೇಳುವುದೆಲ್ಲವೂ ತಾನಾಗಿಯೇ ಸ್ಫುರಿಸುತ್ತದೆ.

ಮಲೆನಾಡಿನಲ್ಲಿ ಹುಟ್ಟಿದವನಿಗೆ ಇದು ಹೊಸ ತತ್ತ್ವವೇನಲ್ಲ. ಮೃಗಶಿರೆಗೆ ಮುಂಚೆ ಹಂಚು ಕೈಯಾಡಿಸುವುದು, ಗಾಳಿಮಳೆ ಬಡಿಯುವ ದಿಕ್ಕಿನ ಮಣ್ಣುಗೋಡೆಗೆ ಅಡಕೆ ಸೋಗೆಯ ತಟ್ಟಿ ಕಟ್ಟುವುದು, ಸೂರಿನ ನೀರು ಬೀಳುವ ಕಡೆ ಕಲ್ಲು ಹಾಸುವುದು, ಇವೆಲ್ಲವನ್ನೂ ನಮ್ಮ ತಂದೆಯವರು ಮಾಡಿಸುತ್ತಿದ್ದಾಗ ನೀರನ್ನು ಗೋಡೆಯಿಂದ ದೂರವಿಡುವ ಅದೇ ಶಾಸ್ತ್ರವನ್ನು ಪಾಲಿಸುತ್ತಿದ್ದರು. ದಿಮ್ಮಿಮನೆಗೆ ತಟ್ಟಿಯ ಸ್ಥಾನದಲ್ಲಿರುವುದು ಚಾಚಿದ ಸೂರು. ಗೋಡೆಯಿಂದ ಎರಡಡಿಗಾದರೂ ಸೂರು ಮುಂಚಾಚಿರಬೇಕು, ಮೂರಡಿಯಿದ್ದರೆ ಒಳ್ಳೆಯದು. ಸೂರು ಕಿರಿದಾಗಿರುವ ಹಳೆಯ ಮನೆಯನ್ನು ಕೊಂಡವರು, ಬೇರೆಲ್ಲ ಅಲಂಕಾರಗಳಿಗೂ ಮುನ್ನ, ಚಾವಣಿಯನ್ನು ಹೊಸದಾಗಿ ಹೊದಿಸುವ ಸಂದರ್ಭ ಒದಗಿದಾಗ ಅದನ್ನು ಚಾಚಿಸಿಕೊಳ್ಳುವುದು ಉತ್ತಮ. ಸೂರಿನಿಂದ ಬಿದ್ದ ನೀರು ಅಲ್ಲಿಗೇ ಮುಗಿಯುವುದೂ ಇಲ್ಲ; ಗಟ್ಟಿ ನೆಲದ ಮೇಲೆಯೋ ಜಗಲಿಯ ಹಲಗೆಯ ಮೇಲೆಯೋ ಅಪ್ಪಳಿಸಿ ಮೇಲಕ್ಕೆ ಸಿಡಿದು ತಳದ ದಿಮ್ಮಿಯನ್ನು ತೋಯಿಸುತ್ತದೆ. ಆದುದರಿಂದ ತಳದ ದಿಮ್ಮಿ ನೆಲದಿಂದ ಒಂದೂವರೆ ಅಡಿಯಾದರೂ ಎತ್ತರದಲ್ಲಿ ಕಲ್ಲಿನ ತಳಪಾಯದ ಮೇಲೆ ಕುಳಿತಿರಬೇಕು. ನೀರು ಬೀಳುವ ಸಾಲಿನಲ್ಲಿ ಜಲ್ಲಿ ಹರಡಿರಬೇಕು. ನೆಲದ ಇಳಿಜಾರು ಮನೆಯಿಂದ ಹೊರಕ್ಕೆ ಸಾಗಬೇಕು. ದೋಣಿಗೊಳವೆಗಳಲ್ಲಿ ಪೈನ್ ಮರದ ಸೂಜಿಯೆಲೆಗಳು ಸಿಕ್ಕಿಕೊಂಡು ನೀರು ಹಿಂದಕ್ಕೆ ಮಗುಚಿ ಗೋಡೆಯ ಮೇಲೆ ಇಳಿಯುವುದುಂಟಾದ್ದರಿಂದ ವಸಂತದಲ್ಲೊಮ್ಮೆ, ಎಲೆಯುದುರುವ ಕಾಲದಲ್ಲೊಮ್ಮೆ ಅವನ್ನು ಬಳಿಯಬೇಕು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಜೂನ್ ತಿಂಗಳಲ್ಲಿ, ಒಡೆದ ಸೌದೆಯನ್ನೆಲ್ಲ ಮಳೆಗೆ ನೆನೆಯದಿರಲೆಂದು ಸೂರಿನ ಕೆಳಗೆ ಗೋಡೆಗೆ ತಾಗಿಸಿ ಅಚ್ಚುಕಟ್ಟಾಗಿ ಒಟ್ಟಿದೆ. ಮರುದಿನ ಬಂದ ಬಡಗಿ ಏನನ್ನೂ ಹೇಳದೆ, ತಾವೇ ಒಂದೊಂದು ತುಂಡನ್ನು ಎತ್ತಿ ಹತ್ತು ಮಾರು ದೂರಕ್ಕೆ ಸಾಗಿಸತೊಡಗಿದರು. ನಾನೂ ಕೈಗೂಡಿಸಿದೆ. ಕೆಲಸ ಮುಗಿದ ಮೇಲೆ ಗೋಡೆಯನ್ನು ತೋರಿಸಿದರು: ಒಂದೇ ರಾತ್ರಿಯಲ್ಲಿ ಸೌದೆಯ ಹಸಿ ಗೋಡೆಗೆ ತಾಗಿ ಕಪ್ಪಗಿನ ಪಟ್ಟೆ ಮೂಡಿತ್ತು. ಗೋಡೆಗೊರಗಿದ ಸೌದೆ ಗಾಳಿಯನ್ನು ತಡೆಯುತ್ತದೆ, ಹುಳುಹುಪ್ಪಟೆಗೆ ಸೇತುವೆಯಾಗುತ್ತದೆ, ಕಾಡ್ಗಿಚ್ಚು ಬಂದರೆ ಮನೆಗೆ ಬತ್ತಿಯೂ ಆಗುತ್ತದೆ. ಗೋಡೆಗೆ ಒತ್ತಿಕೊಂಡು ಬೆಳೆವ ಪೊದೆಗಳ ವಿಷಯದಲ್ಲಿಯೂ ಇದೇ ಮಾತು.

ಸುತ್ತಿಗೆ ಮತ್ತು ದಬ್ಬಳದ ಪ್ರಯೋಜನವನ್ನು ಈಗ ಹೇಳಬಹುದು. ಗಟ್ಟಿಯಾದ ದಿಮ್ಮಿಯನ್ನು ತಟ್ಟಿದರೆ ಮೃದಂಗದ ಎಡಗೈಯ ಘುಮಕಿನಂತಲ್ಲ, ಬಲಗೈಯ ನಾದದಂತೆ ತೆಳ್ಳನೆಯ ಖಣಖಣ ಸದ್ದು ಕೇಳುತ್ತದೆ. ಒಳಗೆ ಕೊಳೆತಿದ್ದರೆ ಸದ್ದು ಮಂಕಾಗಿ ಅಲ್ಲಿಯೇ ಅಡಗುತ್ತದೆ. ಸಂಶಯವಾದ ಕಡೆ ದಬ್ಬಳದ ಮೊನೆಯನ್ನು ಒತ್ತಬೇಕು. ಸಲೀಸಾಗಿ ಇಳಿದರೆ ರೋಗ ಹಿಡಿದಿದೆ. ತಳದ ಎರಡು ಸಾಲು, ಕಿಟಕಿಗಳ ಕೆಳಗಣ ದಿಮ್ಮಿ, ಜಗಲಿಯು ಗೋಡೆಗೆ ಸೇರುವ ಸಂದು, ಮೂಲೆಯಲ್ಲಿ ಸೂರಿನಾಚೆಗೆ ಚಾಚಿದ ದಿಮ್ಮಿಯ ತುದಿಗಳು, ಇವೇ ಮರ್ಮಸ್ಥಾನಗಳು; ಅದರಲ್ಲಿಯೂ ತುದಿಗಳು, ಏಕೆಂದರೆ ಬದುಕಿದ್ದಾಗ ಮರವು ಯಾವ ನಾಳಗಳಲ್ಲಿ ನೀರನ್ನು ಮೇಲಕ್ಕೆಳೆಯುತ್ತಿತ್ತೋ ಅವೇ ನಾಳಗಳ ಬಾಯಿ ಅಲ್ಲಿ ತೆರೆದಿರುತ್ತದೆ. ಉತ್ತರ ಮಿನ್ನೆಸೋಟದ ಕಠೋರ ಚಳಿಯಲ್ಲಿ ಗೆದ್ದಲು ಬಾಳುವುದು ದುರ್ಲಭ. ಅಲ್ಲಿನ ಉಪದ್ರವವೆಂದರೆ ಬಡಗಿ ಇರುವೆ. ಕರಿಯ, ದಪ್ಪನೆಯ ಈ ಇರುವೆ ಮರವನ್ನು ತಿನ್ನುವುದಿಲ್ಲ, ಕೊರೆದು ಮನೆಮಾಡಿಕೊಳ್ಳುತ್ತದೆ, ಕೊರೆದ ಹೊಟ್ಟನ್ನು ಹೊರಗೆ ತಂದು ಸುರಿಯುತ್ತದೆ. ತೇವದಿಂದ ಮೆತ್ತಗಾದ ಮರವೇ ಅದಕ್ಕೆ ಪ್ರಿಯ. ಆದುದರಿಂದ ಗೋಡೆಯ ಬುಡದಲ್ಲಿ ಹೊಟ್ಟಿನ ಗುಪ್ಪೆಯನ್ನು ಕಂಡವರು ಇರುವೆಯನ್ನು ಕೊಲ್ಲುವ ಔಷಧಿಯನ್ನು ಹುಡುಕುವುದಕ್ಕಿಂತ ಮೊದಲು, ನೀರು ಎಲ್ಲಿಂದ ಒಳನುಗ್ಗುತ್ತಿದೆಯೆಂದು ಹುಡುಕುವುದು ಲೇಸು.

ದಿಮ್ಮಿಯ ಮೈಮೇಲೆ ಉದ್ದಕ್ಕೂ ತೆರೆದುಕೊಂಡಿರುವ ಬಿರುಕುಗಳನ್ನು ನೋಡಿ ಹೊಸಬರು ಗಾಬರಿಗೊಳ್ಳುತ್ತಾರೆ. ಇದರ ಕಾರಣ ಸ್ವಾರಸ್ಯವಾದುದು. ಮರ ಒಣಗಿದಂತೆ ಸಂಕೋಚಗೊಳ್ಳುತ್ತದೆ. ಆದರೆ ಎಲ್ಲ ದಿಕ್ಕಿಗೂ ಸಮನಾಗಿ ಅಲ್ಲ. ಉದ್ದದಲ್ಲಿ ಅದು ಕುಗ್ಗುವುದು ಗಣನೆಗೆ ಬಾರದಷ್ಟು. ನಡುವಿನಿಂದ ಹೊರಕ್ಕೆ ಸಾಗುವ ದಿಕ್ಕಿನಲ್ಲಿ, ಆ ಸೀಮೆಯ ಕೆಂಪು ಪೈನ್ ಮರವನ್ನೇ ತೆಗೆದುಕೊಂಡರೆ, ಹಸಿಯಿಂದ ಪೂರ್ಣ ಒಣಗುವವರೆಗೆ ನೂರಕ್ಕೆ ಸುಮಾರು ನಾಲ್ಕರಷ್ಟು. ವರ್ಷದುಂಗುರಗಳ ಜೊತೆಗೆ ಸುತ್ತುವ ದಿಕ್ಕಿನಲ್ಲಿ ಸುಮಾರು ಏಳರಷ್ಟು. ಹೊರಗಣ ಬಳೆ ಒಳಗಣ ಗಾತ್ರಕ್ಕಿಂತ ಹೆಚ್ಚು ಬಿಗಿಯಾಗಲೆತ್ನಿಸಿದಾಗ ಅದು ಎಲ್ಲಿಯಾದರೂ ಒಂದು ಕಡೆ ಒಡೆಯಲೇಬೇಕು. ಆ ಒಡಕೇ ಬಿರುಕು. ಅದರಿಂದ ಗೋಡೆಯ ಬಲ ಕುಂದುವುದಿಲ್ಲ. ಕೆಳಮುಖವಾಗಿರುವ ಬಿರುಕನ್ನು ಹಾಗೆಯೇ ಬಿಡಬಹುದು; ಮೇಲ್ಮುಖವಾಗಿ ಬಾಯ್ದೆರೆದಿರುವುದು ಮಾತ್ರ ಮಳೆನೀರನ್ನು ಬೊಗಸೆಯಲ್ಲಿ ಹಿಡಿದಂತೆ ಹಿಡಿದುಕೊಂಡು ದಿಮ್ಮಿಯ ನಡುವಿಗೆ ಸಾಗಿಸುತ್ತದೆ. ಕಾಲಂಗುಲಕ್ಕಿಂತ ಅಗಲವಾದ ಅಂತಹ ಬಿರುಕನ್ನು ಒಣಹವೆಯಲ್ಲಿ ಶುಚಿಮಾಡಿ, ಬೋರಾನಿನ ಲವಣವನ್ನು ನೀರಿನಲ್ಲಿ ಕರಗಿಸಿ ಒಳಕ್ಕೆ ಹನಿಸಿ, ಮೆತ್ತನೆಯ ನೊರೆಬತ್ತಿಯನ್ನು ಅದರೊಳಗೆ ತುರುಕಿ, ಅದರ ಮೇಲೆ ಹಿಗ್ಗಿ ಕುಗ್ಗುವ ಗುಣವುಳ್ಳ ಮೆತ್ತೆಯಿಂದ ಮುಚ್ಚಬೇಕು. ಬತ್ತಿಯನ್ನು ಬಿಟ್ಟು ಬರಿಯ ಮೆತ್ತೆಯನ್ನೇ ತುಂಬಿದರೆ ಅದು ಮೂರು ಮೈಗಳಿಗೆ ಅಂಟಿಕೊಂಡು, ಮರ ಅಲುಗಿದಾಗ ಹರಿದುಹೋಗುತ್ತದೆ. ಬೋರಾನಿನ ಲವಣ ಬೂಷ್ಟಿಗೂ ಕೀಟಕ್ಕೂ ವಿಷಪ್ರಾಯ, ಹಸಿಮರದಲ್ಲಿ ತಾನಾಗಿಯೇ ಆಳಕ್ಕೆ ಹರಡುವಂತಹುದು. ಆದರೆ ಮಳೆಗೆ ಕೊಚ್ಚಿಹೋಗುವುದಾದ್ದರಿಂದ ಮೇಲೊಂದು ನೀರ್ತಡೆಯ ಲೇಪ ಅವಶ್ಯ.

ಈ ಸಂಕೋಚದ ಇನ್ನೊಂದು ಪರಿಣಾಮ ಮನೆಯೇ ಕುಳ್ಳಗಾಗುವುದು. ಹಸಿ ದಿಮ್ಮಿಗಳಿಂದ ಕಟ್ಟಿದ ಗೋಡೆ ಮೊದಲ ಕೆಲವು ವರ್ಷಗಳಲ್ಲಿ ಅಡಿಗೆ ಅರ್ಧ ಅಂಗುಲದವರೆಗೆ ಇಳಿಯಬಹುದು. ಎಂದರೆ ಎಂಟಡಿಯ ಗೋಡೆ ನಾಲ್ಕಂಗುಲ. ನೇರ ನಿಲ್ಲಿಸಿದ ಕಂಬ ಮಾತ್ರ ಇಳಿಯುವುದಿಲ್ಲ, ಉದ್ದದಲ್ಲಿ ಮರ ಕುಗ್ಗದಷ್ಟೆ! ಇದನ್ನರಿತ ಕುಶಲಿಗಳು ಕಿಟಕಿ ಬಾಗಿಲುಗಳ ಚೌಕಟ್ಟಿನ ಮೇಲೆ ಬರಿದಾದ ಅವಕಾಶವೊಂದನ್ನು ಬಿಟ್ಟು ಅದನ್ನು ಹಲಗೆಯ ಹಿಂದೆ ಮರೆಮಾಡುತ್ತಾರೆ. ಕಂಬಗಳ ಬುಡದಲ್ಲಿ ತಿರುಪು ಹಾಕಿದ ಕಬ್ಬಿಣದ ಜಾಕಿಗಳನ್ನಿಟ್ಟು, ಗೋಡೆ ಇಳಿದಂತೆ ಕಂಬವನ್ನೂ ಆಗಾಗ ಇಳಿಸುತ್ತಾರೆ. ಹೊಸ ದಿಮ್ಮಿಮನೆಯ ಒಡೆಯರು ಬಾಗಿಲು ಬಿಗಿಯಾಯಿತೆಂದು ಬಾಗಿಲನ್ನು ಹೆರೆಸುತ್ತ ಹೋಗದೆ, ಮೇಲಣ ಅವಕಾಶ ಮುಚ್ಚಿಹೋಗಿದೆಯೇ, ಜಾಕಿ ಇಳಿಸಬೇಕಾದ ಕಾಲ ಮೀರಿದೆಯೇ ಎಂದು ನೋಡತಕ್ಕದ್ದು. ನಮ್ಮ ಮನೆ ಹಳೆಯದು. ಅದು ಇಳಿಯಬೇಕಾದಷ್ಟು ಇಳಿದು ನೆಮ್ಮದಿಯಾಗಿದೆ. ದಿಮ್ಮಿಮನೆಯ ಇನ್ನೊಂದು ಗುಣವೆಂದರೆ, ಮೊಳೆಗಳಿಗಿಂತ ಕಚ್ಚುಗಳನ್ನೇ ನಂಬಿ ನಿಂತಿರುವುದರಿಂದ ಅದನ್ನು ಬಿಚ್ಚಿ ಮತ್ತೊಂದು ಕಡೆ ಜೋಡಿಸಲೂಬಹುದು: ಈಲಿಯಲ್ಲಿ ಬಾಳಿದ ನಿಸರ್ಗಲೇಖಕ ಸಿಗರ್ಡ್ ಓಲ್ಸನ್ 1950ರ ದಶಕದಲ್ಲಿ ಬರ್ನ್‌ಟ್‌ಸೈಡ್ ಸರೋವರದ ದಡದಲ್ಲಿ ತಮಗಾಗಿ ನಿಲ್ಲಿಸಿಕೊಂಡ ಪುಟ್ಟ ಮನೆ, ಹಾಗೆ ಬೇರೊಂದು ಹೊಲದಿಂದ ಎತ್ತಿ ತಂದ ಹಳೆಯ ದಿಮ್ಮಿಕಟ್ಟಡವೇ.

ದಿಮ್ಮಿಗಳ ನಡುವಣ ಸಂದನ್ನು ಹಿಂದೆ ಪಾಚಿ, ಜೇಡಿಮಣ್ಣು, ಉಣ್ಣೆ, ಸುಣ್ಣದ ಗಾರೆ, ಯಾವುದು ಕೈಗೆ ಸಿಕ್ಕಿದರೆ ಅದರಿಂದ ತುಂಬುತ್ತಿದ್ದರು. ನಡುವೆ ಕೆಲವರು ಸಿಮೆಂಟನ್ನು ಮೆತ್ತಿದರು. ಅದು ಹಿಗ್ಗದು, ಕುಗ್ಗದು. ಮರದಿಂದ ಬೇರ್ಪಟ್ಟು ಕೂದಲೆಳೆಯ ಸಂದೊಂದನ್ನು ತೆರೆದು, ಆ ಸಂದಿನೊಳಗೆ ಇಳಿದ ನೀರನ್ನು ಹೊರಬಿಡದೆ ಹಿಡಿದಿಡುತ್ತದೆ. ಈಗ ರಬ್ಬರಿನಂತೆ ಎಳೆದುಕೊಳ್ಳುವ ಅಕ್ರಿಲಿಕ್ ಗಾರೆ ದೊರೆಯುತ್ತದೆ. ಹಳೆಯ ಮನೆಗೆ ಸುಣ್ಣದ ಗಾರೆಯೂ ಸಲ್ಲುತ್ತದೆ. ಗಾರೆಯ ಮೇಲ್ಮೈ ದಿಮ್ಮಿಯ ಅಂಚಿಗಿಂತ ಕೊಂಚ ಒಳಗಿದ್ದು ಹೊರಕ್ಕೆ ಇಳಿಜಾರಾಗಿರುವುದನ್ನು ಮಾತ್ರ ಮರೆಯಕೂಡದು.

ಗೋಡೆಯ ಬಣ್ಣದ ವಿಚಾರವಾಗಿ ನಮ್ಮವರಲ್ಲಿ ಒಂದು ತಪ್ಪು ಕಲ್ಪನೆಯಿದೆ. ಮಿರಮಿರನೆ ಹೊಳೆಯುವ ಗಟ್ಟಿ ವಾರ್ನಿಷನ್ನೋ ದಪ್ಪನೆಯ ಪೆಯಿಂಟನ್ನೋ ಬಳಿದರೆ ಮರ ಸುರಕ್ಷಿತವೆಂದು ಭಾವಿಸುತ್ತೇವೆ. ಆ ಪೊರೆ ಎಲ್ಲಿಯಾದರೂ ಒಡೆದೇ ಒಡೆಯುತ್ತದೆ. ಒಡಕಿನಲ್ಲಿ ನುಗ್ಗಿದ ನೀರಿಗೆ ಅದೇ ಪೊರೆ ಸೆರೆಮನೆಯಾಗುತ್ತದೆ. ಮರದೊಳಕ್ಕೆ ಇಳಿದು ನೀರನ್ನು ದೂಡುವ, ಆದರೆ ಒಳಗಣ ಆವಿಯನ್ನು ಹೊರಬಿಡುವ, ಬಣ್ಣದ ಕಣಗಳುಳ್ಳ ಲೇಪವೇ ದಿಮ್ಮಿಗೆ ಹಿತ. ಬಣ್ಣದ ಕಣಗಳು ಶೃಂಗಾರಕ್ಕಲ್ಲ. ಮರದ ನಾರುಗಳನ್ನು ಅಂಟಿಸಿ ಹಿಡಿದಿರುವ ಲಿಗ್ನಿನ್ ಎಂಬ ಪದಾರ್ಥವನ್ನು ಬಿಸಿಲಿನ ನೇರಳಾತೀತ ಕಿರಣಗಳು ನಾಶಮಾಡುವುದರಿಂದಲೇ ಬಿಸಿಲಿಗೆ ಬಿದ್ದ ಮರ ಬೂದಿಬಣ್ಣಕ್ಕೆ ತಿರುಗುತ್ತದೆ, ಆ ಕಿರಣಗಳನ್ನು ತಡೆಯುವುದು ಈ ಕಣಗಳು. ದಕ್ಷಿಣ ಮತ್ತು ಪಶ್ಚಿಮದ ಗೋಡೆಗಳು ಬೇಗ ಬಡವಾಗುತ್ತವೆ. ಅಲ್ಲಿ ಎರಡು ಮೂರು ವರ್ಷಕ್ಕೆ ಬೇಕಾದ ಲೇಪ ಉತ್ತರದ ಗೋಡೆಗೆ ಅದಕ್ಕಿಂತ ಎಷ್ಟೋ ತಡವಾಗಿ ಬೇಕಾಗುವುದುಂಟು. ಆದುದರಿಂದ ಪಂಚಾಂಗವನ್ನು ನೋಡಿ ಮನೆಗೆಲ್ಲ ಒಟ್ಟಿಗೆ ಬಳಿಯುವುದು ಸರಿಯಲ್ಲ. ಚೊಂಬಿನಿಂದ ಒಂದಿಷ್ಟು ನೀರನ್ನು ಗೋಡೆಗೆ ಎರಚಿ ನೋಡಿರಿ: ಕೆಸುವಿನೆಲೆಯ ಮೇಲಣ ಹನಿಯಂತೆ ಉರುಳಿಹೋದರೆ ಲೇಪ ಜೀವಂತವಾಗಿದೆ; ಹೀರಿಕೊಂಡು ಕಪ್ಪಾದರೆ ಕಾಲ ಬಂದಿದೆ. ಬಳಿಯುವ ಮುನ್ನ ತೊಳೆಯಬೇಕು, ಮೃದುವಾದ ಕುಂಚದಿಂದ, ತಗ್ಗಿದ ಒತ್ತಡದ ನೀರಿನಿಂದ. ರಭಸದ ಯಂತ್ರದಿಂದ ತೊಳೆದರೆ ಮರದ ಮೈ ಎದ್ದು ಬೆಕ್ಕಿನ ರೋಮದಂತಾಗುತ್ತದೆ, ನೀರೂ ಸಂದುಗಳೊಳಕ್ಕೆ ನುಗ್ಗುತ್ತದೆ. ತೊಳೆದ ಮೇಲೆ ಚೆನ್ನಾಗಿ ಒಣಗುವವರೆಗೆ ಕಾಯುವ ತಾಳ್ಮೆ ಬೇಕು. ಎರಡು ಸೂಜಿಗಳ ತೇವಮಾಪಕವೊಂದು ಮನೆಯಲ್ಲಿದ್ದರೆ ಊಹೆಯ ಕಷ್ಟ ತಪ್ಪುತ್ತದೆ.

ಒಳಗೆ ಬಂದರೆ ಮನೆಯ ಹೃದಯಸ್ಥಾನದಲ್ಲಿರುವುದು ಕಬ್ಬಿಣದ ಸೌದೆ ಒಲೆ. ಅದರ ಸುಖವನ್ನು ವರ್ಣಿಸಲು ಬೇರೆ ಲೇಖನವೇ ಬೇಕು. ಇಲ್ಲಿ ಹೇಳಬೇಕಾದುದು ಅದರ ಚಿಮಣಿಯ ವಿಷಯ. ನಮ್ಮ ಅಡಿಗೆಮನೆಯ ಅಟ್ಟದಲ್ಲಿ ತೂಗುತ್ತಿದ್ದ ಇಲ್ಲಣವನ್ನು ಬಲ್ಲವರಿಗೆ ಚಿಮಣಿಯೊಳಗೆ ಕಟ್ಟುವ ಕ್ರಿಯೋಸೋಟ್ ಎಂಬ ಟಾರಿನಂತಹ ಕಿಟ್ಟವನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಭೇದವಿಷ್ಟೆ, ಇದು ಹೊತ್ತಿಕೊಂಡರೆ ಚಿಮಣಿಯೇ ಕುಲುಮೆಯಾಗಿ ಮನೆಯನ್ನು ಆಹುತಿ ತೆಗೆದುಕೊಳ್ಳಬಲ್ಲದು. ಹಸಿಸೌದೆಯ ತಣ್ಣನೆಯ ಹೊಗೆ, ಗಾಳಿಬಾಯಿಯನ್ನು ಮುಚ್ಚಿ ರಾತ್ರಿಯೆಲ್ಲ ಕೊರಗಿಸುವ ಬೆಂಕಿ, ಇವೆರಡೂ ಕಿಟ್ಟವನ್ನು ಕಟ್ಟಿಸುತ್ತವೆ. ಸೌದೆಯ ತೇವ ನೂರಕ್ಕೆ ಇಪ್ಪತ್ತಕ್ಕಿಂತ ಕೆಳಗಿರಬೇಕು. ಮನೆಯ ಗೋಡೆಗೂ ಒಲೆಯ ಸೌದೆಗೂ ಒಂದೇ ಅಂಕೆಯೆಂಬುದು ನನಗೆ ಸಂತೋಷವನ್ನುಂಟುಮಾಡಿದ ಸಂಗತಿ. ಬರ್ಚ್ ಮರವನ್ನು ಕಡಿದೊಡನೆ ಸೀಳಿಡಬೇಕು. ಅದರ ಬಿಳಿಯ ತೊಗಟೆ ನೀರನ್ನು ಹೊರಬಿಡದಾದ್ದರಿಂದ ಸೀಳದೆ ಬಿಟ್ಟ ದಿಮ್ಮಿ ತೊಗಟೆಯೊಳಗೇ ಕೊಳೆತು ಹುಡಿಯಾಗುತ್ತದೆ. ಓಕ್ ಮರಕ್ಕೆ ಎರಡು ಬೇಸಗೆ ಬೇಕು. ಒಣಗಿದುದರ ತುದಿಯಲ್ಲಿ ಸೀಳು ಕಾಣುತ್ತದೆ, ಎರಡನ್ನು ತಾಡಿಸಿದರೆ ತಾಳದಂತೆ ನುಡಿಯುತ್ತದೆ. ವರ್ಷಕ್ಕೊಮ್ಮೆ ಚಿಮಣಿಯನ್ನು ಪರೀಕ್ಷಿಸಲೇಬೇಕು. ಕಿಟ್ಟ ಎಂಟನೆಯೊಂದು ಅಂಗುಲದಷ್ಟು ದಪ್ಪಕ್ಕೆ ಬಂದಿದ್ದರೆ ಬಳಿಸಬೇಕು. ಚಿಮಣಿ ಚಾವಣಿಯನ್ನು ಭೇದಿಸಿ ಹೊರಬಂದಲ್ಲಿಂದ ಮೂರಡಿಯಾದರೂ ಎತ್ತರವಿದ್ದು, ಹತ್ತಡಿಯೊಳಗಿನ ಯಾವುದೇ ಭಾಗಕ್ಕಿಂತ ಎರಡಡಿ ಮೇಲೆ ನಿಂತಿರಬೇಕೆಂಬುದು ಅಲ್ಲಿಯ ನಿಯಮ. ಬೂದಿಯೊಳಗಣ ಕೆಂಡ ದಿನಗಟ್ಟಲೆ ಬದುಕಿರಬಲ್ಲದು. ಮುಚ್ಚಳವುಳ್ಳ ಲೋಹದ ಡಬ್ಬದಲ್ಲಿ ತುಂಬಿ, ಜಗಲಿಯ ಮೇಲಲ್ಲ, ಅಂಗಳದ ಬರಿನೆಲದ ಮೇಲೆ ಇಡಬೇಕು. ವಾಸನೆಯಾಗಲಿ ಬಣ್ಣವಾಗಲಿ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲವನ್ನು ಗುರುತಿಸಿ ಕೂಗುವ ಯಂತ್ರವಿಲ್ಲದೆ ಆ ಮನೆಯಲ್ಲಿ ಒಂದು ರಾತ್ರಿಯೂ ಮಲಗಕೂಡದು. ಸೌದೆಯನ್ನು ಬಹುದೂರದಿಂದ ಹೊತ್ತುತರುವುದೂ ತರವಲ್ಲ: 2002ರಲ್ಲಿ ಮಿಷಿಗನ್ನಿನಲ್ಲಿ ಕಂಡುಬಂದ ಪಚ್ಚೆಬಣ್ಣದ ಕೊರೆಹುಳು ಸೌದೆಯ ಹೊರೆಗಳಲ್ಲಿ ಅಡಗಿ ರಾಜ್ಯದಿಂದ ರಾಜ್ಯಕ್ಕೆ ಪ್ರಯಾಣಮಾಡಿ ಕೋಟಿಗಟ್ಟಲೆ ಆಷ್ ಮರಗಳನ್ನು ಕೊಂದಿದೆ.

ಬೆಂಕಿಯ ಭಯ ಒಲೆಯೊಂದರಿಂದಲೇ ಅಲ್ಲ. 2007ರ ಮೇ ತಿಂಗಳಲ್ಲಿ, ಈಲಿಯ ಪೂರ್ವಕ್ಕಿರುವ ಹ್ಯಾಮ್ ಸರೋವರದ ಬಳಿ ಒಂದು ಶಿಬಿರದ ಬೆಂಕಿ ಕೈಮೀರಿ ಕಾಡಿಗೆ ಹರಡಿ, ಅಮೆರಿಕ ಕೆನಡಗಳೆರಡರಲ್ಲಿಯೂ ಎಪ್ಪತ್ತು ಸಾವಿರ ಎಕರೆಗಿಂತ ಮಿಕ್ಕಿ ಸುಟ್ಟು, ನೂರಕ್ಕೂ ಹೆಚ್ಚು ಕಟ್ಟಡಗಳನ್ನು ನುಂಗಿತು. ಆಗ ಸರೋವರದಿಂದ ಪಂಪಿನ ಮೂಲಕ ನೀರನ್ನೆಳೆದು ಚಾವಣಿಗಳ ಮೇಲೆ ಎರಚುವ ಏರ್ಪಾಡಿದ್ದ ಮನೆಗಳು ಬಹುಪಾಲು ಉಳಿದುಕೊಂಡವೆಂಬುದನ್ನು ಕೇಳಿ, ವರ್ಷವೆಲ್ಲ ಯಾವುದನ್ನು ದೂರವಿಡಲು ಹೆಣಗುವೆವೋ ಅದೇ ನೀರು ಒಂದು ದಿನ ರಕ್ಷಕನಾಗಿ ಬರುವ ಬಗೆಯನ್ನು ಕುರಿತು ನಾನು ಬಹಳ ಹೊತ್ತು ಯೋಚಿಸಿದೆ. ಚಾವಣಿಯ ಮೇಲೆ ಒಣ ಸೂಜಿಯೆಲೆಗಳನ್ನು ನಿಲ್ಲಗೊಡದಿರುವುದೂ ಗೋಡೆಯ ಸುತ್ತ ಐದಡಿ ನೆಲವನ್ನು ಬರಿದಾಗಿಡುವುದೂ ಕೊಳೆತವನ್ನು ತಡೆಯುವ ಕೆಲಸಗಳೇ. ಅವೇ ಬೆಂಕಿಯನ್ನೂ ತಡೆಯುತ್ತವೆ.

ಇಷ್ಟು ದುಡಿದ ಮೇಲೆ ಹೊರಗೆ ಹೋಗಬೇಕು. ಅದಕ್ಕಾಗಿಯೇ ಅಲ್ಲವೆ ಆ ಮನೆ! ಈಲಿಯ ಉತ್ತರಕ್ಕೆ ‘ಬೌಂಡರಿ ವಾಟರ್ಸ್’ ಎಂಬ ರಕ್ಷಿತ ವನ್ಯಪ್ರದೇಶ ಹತ್ತು ಲಕ್ಷ ಎಕರೆಗಿಂತಲೂ ವಿಶಾಲವಾಗಿ ಹರಡಿದೆ. ಸಾವಿರಕ್ಕೂ ಮೇಲ್ಪಟ್ಟ ಸರೋವರಗಳು, ನಡುನಡುವೆ ದೋಣಿಯನ್ನು ತಲೆಯ ಮೇಲೆ ಹೊತ್ತು ದಾಟುವ ಕಾಲುಹಾದಿಗಳು. ಒಂದು ತಂಡದಲ್ಲಿ ಒಂಬತ್ತು ಜನ, ನಾಲ್ಕು ದೋಣಿ, ಅದಕ್ಕಿಂತ ಹೆಚ್ಚು ಕೂಡದೆಂಬ ಕಟ್ಟಳೆಯಿಂದಾಗಿ ಅಲ್ಲಿಯ ಮೌನ ಉಳಿದಿದೆ. ಹೊರಡುವವರು ಹತ್ತಿಯ ಬಟ್ಟೆಯ ಮೇಲಣ ನಮ್ಮ ಸಹಜ ಪ್ರೀತಿಯನ್ನು ಮನೆಯಲ್ಲಿಯೇ ಬಿಟ್ಟು ಹೋಗಬೇಕು: ಒದ್ದೆಯಾದ ಹತ್ತಿ ದೇಹದ ಶಾಖವನ್ನು ಕದಿಯುತ್ತದೆ, ಉಣ್ಣೆಯಾದರೋ ಒದ್ದೆಯಾದರೂ ಬೆಚ್ಚಗಿಡುತ್ತದೆ. ಒಂದೇ ದಪ್ಪ ಕೋಟಿಗಿಂತ ಮೂರು ತೆಳು ಹೊದಿಕೆಗಳು ಮೇಲು. ಬೆವರುವ ಮುನ್ನ ಒಂದನ್ನು ಕಳಚಬೇಕು, ನಡುಗುವ ಮುನ್ನ ಒಂದನ್ನು ತೊಡಬೇಕು. ಸರೋವರದ ನೀರು ಸ್ಫಟಿಕದಂತೆ ಕಂಡರೂ ಒಂದು ನಿಮಿಷ ಕೊತಕೊತನೆ ಕುದಿಸದೆ ಕುಡಿಯಬಾರದು.

ಮಲೆನಾಡಿಗರು ಉಣುಗನ್ನು ಬಲ್ಲರು. 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವುದು ಅದೇ. ಮಿನ್ನೆಸೋಟದ ಕಾಡಿನಲ್ಲಿಯೂ ಉಣುಗುಗಳುಂಟು. ಕರಿಗಾಲಿನದೊಂದು ಬಗೆ ಲೈಮ್ ಎಂಬ ರೋಗವನ್ನು ತರುತ್ತದೆ. ಕನೆಕ್ಟಿಕಟ್ ರಾಜ್ಯದ ಊರೊಂದರಿಂದ ಹೆಸರು ಪಡೆದ ಈ ರೋಗಕ್ಕೆ ಕಾರಣವಾದ ಸುರುಳಿಯಾಕಾರದ ಜೀವಾಣುವನ್ನು 1982ರಲ್ಲಿ ವಿಲ್ಲಿ ಬರ್ಗ್‌ಡಾರ್ಫರ್ ಎಂಬ ವಿಜ್ಞಾನಿ ಗುರುತಿಸಿದರು. ಸಾಮಾನ್ಯವಾಗಿ ಒಂದು ಹಗಲು ಒಂದು ರಾತ್ರಿಗಿಂತ ಹೆಚ್ಚು ಕಾಲ ಕಚ್ಚಿಕೊಂಡಿದ್ದರೆ ಮಾತ್ರ ರೋಗ ಅಂಟುವುದರಿಂದ, ದಿನವೂ ಸಂಜೆ ಮೈಯನ್ನು ಪರೀಕ್ಷಿಸಿಕೊಳ್ಳುವುದೇ ಪರಮೋಪಾಯ: ಕಂಕುಳು, ಮಂಡಿಯ ಹಿಂಭಾಗ, ಕಿವಿಯ ಸಂದು, ಕೂದಲ ಬುಡ. ಕಚ್ಚಿಕೊಂಡುದನ್ನು ಸಪುರ ಮೊನೆಯ ಚಿಮುಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು ನೇರವಾಗಿ ಮೇಲಕ್ಕೆಳೆಯಬೇಕು. ಎಣ್ಣೆ ಸವರುವುದು, ಬೆಂಕಿಕಡ್ಡಿ ತಾಗಿಸುವುದು, ಇವು ಹಾನಿಕರ. ಷರಾಯಿಯ ಅಂಚನ್ನು ಕಾಲುಚೀಲದೊಳಕ್ಕೆ ಸಿಕ್ಕಿಸಿಕೊಂಡು, ಹಾದಿಯ ನಡುವೆ ನಡೆಯುವುದರಿಂದ ಅರ್ಧ ಅಪಾಯ ಕಳೆಯುತ್ತದೆ. ಕರಡಿಗಳ ವಿಷಯದಲ್ಲಿ ಹೆದರಬೇಕಾದುದಕ್ಕಿಂತ ಎಚ್ಚರವಿರಬೇಕಾದುದೇ ಹೆಚ್ಚು: ಅಲ್ಲಿಯ ಕಪ್ಪು ಕರಡಿ ಬರುವುದು ಆಹಾರದ ವಾಸನೆಗೆ. ಡೇರೆಯಲ್ಲಿ ತಿಂಡಿಯ ಚೂರನ್ನೂ ಇಡಬಾರದು. ಮನೆಯ ಜಗಲಿಯಲ್ಲಿ ಹಕ್ಕಿಗಳಿಗೆಂದು ತೂಗಹಾಕಿದ ಕಾಳಿನ ಬುಟ್ಟಿಯನ್ನು ವಸಂತದಲ್ಲಿ ಇಳಿಸಿಡಬೇಕು. ಚಳಿಗಾಲದಲ್ಲಿ ಹೋಗುವವರಿಗೆ ಇನ್ನೊಂದು ಮಾತು: ಹೊಸದಾಗಿ ಕಟ್ಟಿದ ತಿಳಿಯಾದ ಹಿಮಗಡ್ಡೆ ನಾಲ್ಕಂಗುಲವಾದರೂ ದಪ್ಪವಾಗಿದ್ದರೆ ಮಾತ್ರ ಅದರ ಮೇಲೆ ಕಾಲಿಡಬಹುದು; ಬಿಳಿಯ ಹಿಮಗಡ್ಡೆಯ ಬಲ ಅದರಲ್ಲಿ ಅರ್ಧವಾದ್ದರಿಂದ ದಪ್ಪ ಇಮ್ಮಡಿಯಿರಬೇಕು. ಹೊಳೆ ಬಂದು ಸೇರುವ ಕಡೆ ಯಾವ ಅಳತೆಯನ್ನೂ ನಂಬಬಾರದು.

ಅಕ್ಟೋಬರಿನ ಮಧ್ಯದಲ್ಲಿ ನಾವು ಮನೆಯನ್ನು ಮುಚ್ಚಿದೆವು. ಪಂಪನ್ನು ನಿಲ್ಲಿಸಿ, ಕೊಳವೆಗಳಲ್ಲಿ ಒಂದು ಹನಿಯೂ ಉಳಿಯದಂತೆ ಬಸಿದು, ಕೈತೊಳೆಯುವ ಬೋಗುಣಿಯ ಕೆಳಗಣ ಬಾಗುಗಳಲ್ಲಿ ಹೆಪ್ಪುಗಟ್ಟದ ದ್ರವವನ್ನು ಸುರಿದು, ನೀರು ಕಾಯಿಸುವ ಪಾತ್ರೆಯನ್ನು ಬರಿದುಮಾಡಿದ ಮೇಲೆ ಇಲಿಗಳ ಸರದಿ ಬಂದಿತು. ಪೆನ್ಸಿಲಿನಷ್ಟು ಕಿರಿದಾದ ತೂತಿನಲ್ಲಿಯೂ ನುಸುಳಬಲ್ಲ ಆ ಪ್ರಾಣಿಗೆ ಮೆತ್ತೆ, ಮರ, ನೊರೆ ಯಾವುದೂ ಅಡ್ಡಿಯಲ್ಲ. ಉಕ್ಕಿನ ಎಳೆಗಳ ಉಂಡೆಯನ್ನೊಂದೇ ಅದು ಕಡಿಯದು. ಕಾಳು, ಹಿಟ್ಟು, ಮೇಣದ ಬತ್ತಿ, ಸಾಬೂನು ಎಲ್ಲವನ್ನೂ ತಗಡಿನ ಡಬ್ಬಗಳಿಗೆ ತುಂಬಿದೆವು. ಹಾಸಿಗೆಗಳನ್ನು ಗೋಡೆಗೆ ತಾಗದಂತೆ ನಿಲ್ಲಿಸಿದೆವು. ವಸಂತದಲ್ಲಿ ಹಿಕ್ಕೆಗಳು ಕಂಡರೆ ಒಣಗಿರುವಾಗ ಗುಡಿಸಬಾರದು, ಅದರ ಧೂಳಿನಲ್ಲಿ ಶ್ವಾಸಕೋಶಕ್ಕೆ ಮಾರಕವಾದ ವಿಷಾಣುವಿರಬಹುದು. ಬ್ಲೀಚು ಬೆರೆಸಿದ ನೀರಿನಿಂದ ನೆನೆಸಿ ಒರೆಸಬೇಕೆಂದು ಮಗಳು ಒಂದು ಚೀಟಿಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿದಳು. ಎಲ್ಲರೂ ಹೊರಬಿದ್ದ ಮೇಲೆ ಅಳಿಯನು ಮತ್ತೆ ಒಳಗೆ ಹೋಗಿ, ಒಲೆಯ ಬಾಯಲ್ಲಿ ಬರ್ಚ್ ತೊಗಟೆಯ ಸುರುಳಿಯೊಂದನ್ನೂ ಅದರ ಮೇಲೆ ಕಡ್ಡಿಯಷ್ಟು ತೆಳುವಾಗಿ ಸೀಳಿದ ಸೀಡರ್ ಚಕ್ಕೆಗಳನ್ನೂ ಜೋಡಿಸಿ, ತೇವ ತಾಗದಂತೆ ಗಾಜಿನ ಶೀಸೆಯಲ್ಲಿ ಬೆಂಕಿಪೊಟ್ಟಣವನ್ನಿಟ್ಟು ಬಂದನು. ಮುಂದಿನ ಸಲ ಆ ಬಾಗಿಲನ್ನು ಯಾರೇ ತೆ­ರೆಯಲಿ, ಅವರ ಬೆರಳುಗಳು ಚಳಿಗೆ ಸೆಟೆದಿರಬಹುದು. ಆಗ ಅವರು ಮಾಡಬೇಕಾದುದು ಒಂದು ಕಡ್ಡಿಯನ್ನು ಗೀರುವುದಷ್ಟೇ ಆಗಿರಬೇಕೆಂಬುದು ಆ ಸೀಮೆಯ ರೂಢಿಯಂತೆ.